ಯಲ್ಲಾಪುರದಿಂದ ಸೋಂದೆಗೆ: ಬುಕಾನನ್ ಹೋದ ದಾರಿ

ಯಲ್ಲಾಪುರದಿಂದ ಮಂಚಿಕೇರಿ ಮೇಲೆ ಶಿರಸಿಗೆ ಹೋಗುವ ರಸ್ತೆ ಸೈಕಲ್ ಹುಚ್ಚಿರುವವರಿಗೆ ಹೇಳಿ ಮಾಡಿಸಿದಂಥದ್ದು. ಹೆಚ್ಚುಕಡಿಮೆ 50 ಕಿ.ಮೀ., ಎರಡೂ ಕಡೆ ಕಾಡು, ಮಧ್ಯೆ ಮಧ್ಯೆ ಅಡಿಕೆ ತೋಟ. ಬೇಡ್ತಿ ಹೊಳೆಯ ಸೇತುವೆಗೆ ಇಳಿಯುವಾಗ ಪೆಡಲ್ ತುಳಿಯೋದೇ ಬೇಡ. ದಾಟಿದ ಮೇಲೆ ಆ ಸಾಲವನ್ನೆಲ್ಲ ಏರಿನಲ್ಲಿ ಬಡ್ಡಿ ಸಮೇತ ತೀರಿಸಬೇಕು. ನಮ್ಮ ಸಂಘದ ಈ ಸಂಚಿಕೆಗೆ ರಸ್ತೆಯ ಬಗ್ಗೆ ಬರೆಯೋಣ ಅಂತ ಕೂತಾಗ, ರಸ್ತೆಗಿಂತ ಈ ಕಡೆ ಬಂದುಹೋದ ಒಬ್ಬ ಮನುಷ್ಯನ ಬಗ್ಗೆಯೇ ಬರೆಯಬೇಕು ಅನ್ನಿಸಿತು. ಹೆಸರು ಫ್ರಾನ್ಸಿಸ್ ಬುಕಾನನ್. ಬಂದದ್ದು 1801ರ ಮಾರ್ಚ್‌ನಲ್ಲಿ. ಆಗ ಸೈಕಲ್ ಅನ್ನೋದು ಇನ್ನೂ ಹುಟ್ಟಿರಲೇ ಇಲ್ಲ.

ಕರ್ನಾಟಕದ ಇತಿಹಾಸ ಓದುವವರಿಗೆಲ್ಲ ಈ ಹೆಸರು ಗೊತ್ತು. ಊರಿನ ಹಳೇ ಕಥೆ ಬರೆಯುವವರು ಯಾರೇ ಆಗಲಿ, ಎಲ್ಲೋ ಒಂದು ಕಡೆ ಬುಕಾನನ್ ಹೀಗೆ ಬರೆದಿದ್ದಾನೆ ಅನ್ನದೆ ಮುಂದೆ ಹೋಗುವುದಿಲ್ಲ. ಆದರೆ ಅವನು ಯಾರು, ಯಾಕೆ ಬಂದ ಅನ್ನೋದನ್ನು ಹೇಳುವವರು ಕಡಿಮೆ.

ಹುಟ್ಟಿದ್ದು 1762ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಮನೆಯ ಕಿರಿಮಗ. ಅಲ್ಲಿನ ಪದ್ಧತಿಯಂತೆ ಆಸ್ತಿಯೆಲ್ಲ ಅಣ್ಣಂದಿರ ಪಾಲು, ಕಿರಿಯವನು ದುಡಿದೇ ತಿನ್ನಬೇಕು. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ 1783ರಲ್ಲಿ ಡಿಗ್ರಿ ಪಡೆದ. ಅಲ್ಲಿ ಜಾನ್ ಹೋಪ್ ಅನ್ನುವ ಮೇಷ್ಟ್ರ ಹತ್ತಿರ ಸಸ್ಯಶಾಸ್ತ್ರವನ್ನೂ ಕಲಿತ. ಕಲಿಯಬೇಕಾದದ್ದು ಒಂದು, ಮನಸ್ಸು ಹೋದದ್ದು ಇನ್ನೊಂದು ಕಡೆ. ಇದು ನಮ್ಮಲ್ಲಿ ಎಷ್ಟೋ ಜನರಿಗೆ ಅರ್ಥವಾಗುವ ಸಂಕಟ. ಕೆಲವು ವರ್ಷ ಹಡಗಿನ ವೈದ್ಯನಾಗಿ ತಿರುಗಿ, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದ. ಮರುವರ್ಷವೇ ಬರ್ಮಾದ ರಾಜನ ಬಳಿಗೆ ಹೊರಟ ನಿಯೋಗದ ಜೊತೆ ಹೋದ. ಹೋದಲ್ಲೆಲ್ಲ ಗಿಡ, ಮೀನು, ಜನ, ಭಾಷೆ ಅಂತ ಬರೆದಿಡುವ ಚಟ ಹತ್ತಿಕೊಂಡಿತು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಕಂಪನಿಯ ಕೈಗೆ ದೊಡ್ಡ ಸೀಮೆ ಬಂತು. ಕರಾವಳಿಯ ಜೊತೆಗೆ ಸೋಂದೆ ಸೀಮೆಯೂ ಅದರಲ್ಲಿತ್ತು. ಆದರೆ ಒಳಗೆ ಏನಿದೆ ಅಂತ ಕಂಪನಿಗೆ ಗೊತ್ತಿರಲಿಲ್ಲ. ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಕೆಲಸಕ್ಕೆ ಆರಿಸಿದ್ದು ಬುಕಾನನ್‌ನನ್ನು. ಬೇಸಾಯ ಹೇಗೆ, ದನಕರು ಎಂಥವು, ಮೆಣಸು, ಏಲಕ್ಕಿ, ಗಂಧ, ಹತ್ತಿ ಎಲ್ಲೆಲ್ಲಿ, ಗಣಿ ಎಲ್ಲಿ, ನೇಯ್ಗೆ ಎಲ್ಲಿ, ಜನರ ಸ್ಥಿತಿ ಹೇಗೆ ಎಂದು ಅವನಿಗೆ ಕೊಟ್ಟ ಪ್ರಶ್ನೆಗಳ ಪಟ್ಟಿ ಉದ್ದವಿತ್ತು. ಇವತ್ತಿನ ಮಾತಿನಲ್ಲಿ ಪಕ್ಕಾ ಫೀಲ್ಡ್ ಸರ್ವೆ. 1800ರ ಏಪ್ರಿಲ್ 23ಕ್ಕೆ ಮದ್ರಾಸ್ ಬಿಟ್ಟವನು ಮೈಸೂರು ಸೀಮೆ, ಮಲಬಾರ್, ಕೆನರಾ ಸುತ್ತಿ ವಾಪಸ್ ಮದ್ರಾಸ್ ಮುಟ್ಟಿದ್ದು 1801ರ ಜುಲೈ 6ಕ್ಕೆ. ಹದಿನಾಲ್ಕು ತಿಂಗಳಿಗೂ ಮೇಲೆ, ದಿನಕ್ಕೊಂದು ಊರಿನ ಲೆಕ್ಕದಲ್ಲಿ.

ನಮ್ಮ ಭಾಗಕ್ಕೆ ಬಂದದ್ದು ಈ ಸುತ್ತಾಟದ ಕೊನೆಯ ತಿಂಗಳುಗಳಲ್ಲಿ. ಗೋಕರ್ಣ, ಅಂಕೋಲಾ ದಾಟಿ ಸದಾಶಿವಗಡಕ್ಕೆ ಹೋಗಿ, ಅಲ್ಲಿಂದ ಕಾಳಿ ಹೊಳೆಯ ಗುಂಟ ಕದ್ರಾ ಮೇಲೆ ಘಟ್ಟ ಹತ್ತಿ ಯಲ್ಲಾಪುರ ಸೇರಿದ. ಈಗ ಆ ಕಡೆ ಕದ್ರಾ ಅಣೆಕಟ್ಟು, ಕೈಗಾ ಅಣು ವಿದ್ಯುತ್ ಸ್ಥಾವರ, ಪಕ್ಕಕ್ಕೇ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಕೈಗಾ ಬದಿಯ ಘಟ್ಟವನ್ನು ಸೈಕಲ್ಲಿನಲ್ಲಿ ಹತ್ತಿದವರಿಗೆ ಅವನ ಹೊರೆಯಾಳುಗಳು ಎಷ್ಟು ಬೆವರಿರಬೇಕು ಅನ್ನೋದು ಬೇರೆ ಹೇಳಬೇಕಿಲ್ಲ. ಆ ಆಳುಗಳ ಹೆಸರು ಎಲ್ಲೂ ಇಲ್ಲ, ಅದು ಬೇರೆ ಮಾತು.

ಯಲ್ಲಾಪುರದಿಂದ ಅವನು ದಕ್ಷಿಣಕ್ಕೆ, ಸೋಂದೆಯ ಕಡೆ ತಿರುಗಿದ. ಈಗಿನ ಡಾಂಬರು ರಸ್ತೆಗೂ ಅವನ ಕಾಲ್ದಾರಿಗೂ ಅಡಿ ಅಡಿ ತಾಳೆಯಾಗಬೇಕಿಲ್ಲ. ಆದರೆ ಬೇಡ್ತಿಯನ್ನು ದಾಟದೆ ಸೋಂದೆಗೆ ಹೋಗುವುದು ಅವನಿಗೂ ಆಗದ ಮಾತು. ಇಲ್ಲಿ ಅವನ ಕಣ್ಣಿಗೆ ಬಿದ್ದದ್ದು ತೋಟ. ಕಣಿವೆಯ ತಂಪಿನಲ್ಲಿ ಅಡಿಕೆ, ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಏಲಕ್ಕಿ. ಒಂದೇ ತುಂಡು ನೆಲದಲ್ಲಿ ಮೂರು ಬೆಳೆ, ಅದಕ್ಕೆ ಬೆಟ್ಟದ ಸೊಪ್ಪಿನ ಗೊಬ್ಬರ. ಹೈಗ ಬ್ರಾಹ್ಮಣರ ಈ ತೋಟಗಾರಿಕೆಯನ್ನು ಆತ ವಿವರವಾಗಿಯೇ ಬರೆದುಕೊಂಡ. ಮಂಚಿಕೇರಿ ಸುತ್ತಮುತ್ತ ಸೈಕಲ್ ನಿಲ್ಲಿಸಿ ಯಾವ ತೋಟಕ್ಕೆ ಇಣುಕಿದರೂ ಆ ವಿವರದ ಬಹುಪಾಲನ್ನು ಇವತ್ತೂ ಕಣ್ಣಾರೆ ನೋಡಬಹುದು. ಸೋಂದೆ ಮಾತ್ರ ಅವನು ಬರುವ ಹೊತ್ತಿಗೆ ಹಾಳು ಬಿದ್ದಿತ್ತು. ಒಂದು ಕಾಲದ ರಾಜಧಾನಿ, ಯುದ್ಧಗಳಲ್ಲಿ ಬರಿದಾಗಿ, ಕೋಟೆಯ ಕುರುಹಷ್ಟೇ ಉಳಿದಿತ್ತು. ಅಲ್ಲಿಂದ ಶಿರಸಿ, ಬನವಾಸಿ, ಚಂದ್ರಗುತ್ತಿ, ಕೆಳದಿ ಅಂತ ಮುಂದೆ ಹೋದ.

ಒಂದು ಕಡೆ ನಾವು ಸ್ವಲ್ಪ ನಿಲ್ಲಲೇಬೇಕು. ಈ ಜಿಲ್ಲೆಯ ಕಾಡು ಯಾರದ್ದು ಅಂತ ಬುಕಾನನ್ ವಿಚಾರಿಸಿದಾಗ, ಊರ ದೇವರದ್ದು ಅನ್ನುವ ಉತ್ತರ ಬಂತು. ಮರ ಕಡಿಯಬೇಕಾದರೆ ಊರ ಗೌಡನ ಅಪ್ಪಣೆ ಬೇಕು, ದೇವರ ಪೂಜಾರಿಯೂ ಅವನೇ. ಕೇಳದೆ ಕಡಿದರೆ ದೇವರು ಸುಮ್ಮನೆ ಬಿಡುವುದಿಲ್ಲ. ಅಪ್ಪಣೆಗೆ ದೇವರು ಒಂದು ಕಾಸೂ ತಗೊಳ್ಳುವುದಿಲ್ಲ. ಇಷ್ಟನ್ನು ಸರಿಯಾಗಿ ಬರೆದುಕೊಂಡವನು, ಇದೆಲ್ಲ ಕಾಡಿನ ಮೇಲೆ ಸರ್ಕಾರ ಹಕ್ಕು ಸಾಧಿಸದ ಹಾಗೆ ಹೂಡಿದ ಉಪಾಯ ಅಷ್ಟೇ ಎಂದು ತೀರ್ಮಾನಿಸಿಬಿಟ್ಟ. ಡೇಟಾ ಸರಿ, ಕನ್‌ಕ್ಲೂಷನ್ ಕಂಪನಿಯದ್ದು. ಅಪ್ಪಣೆ ಕೇಳಬೇಕು ಅನ್ನುವ ಕಟ್ಟುಪಾಡೇ ಕಾಡನ್ನು ಕಾಯುತ್ತಿತ್ತು ಅಂತ ಅವನಿಗೆ ಹೊಳೆಯಲಿಲ್ಲ. ಹೊಳೆದರೂ ಅವನ ಯಜಮಾನರಿಗೆ ಅದು ಬೇಕಿರಲಿಲ್ಲ. ಮುಂದೆ ಆ ಶತಮಾನ ಮುಗಿಯುವುದರೊಳಗೆ ಇಲ್ಲಿನ ಕಾಡಿನ ಬಹುಭಾಗ ಸರ್ಕಾರದ್ದೇ ಆಯಿತು. ನಮ್ಮ ಕಾಲಕ್ಕೆ ಬಂದರೆ, ಬೇಡ್ತಿ ಕಣಿವೆ, ಶಾಲ್ಮಲಾ ದಂಡೆ ಸಂರಕ್ಷಿತ ಪ್ರದೇಶಗಳಾಗಿವೆ. ಅದಕ್ಕೂ ಮೊದಲು, 1980ರ ಸುಮಾರಿಗೆ, ಬೇಡ್ತಿಗೆ ಜಲವಿದ್ಯುತ್ ಅಣೆಕಟ್ಟು ಬರುತ್ತದೆ ಅಂದಾಗ ಈ ಸೀಮೆಯ ಅಡಿಕೆ ಬೆಳೆಗಾರರು ಬರೀ ಘೋಷಣೆ ಕೂಗಿ ಸುಮ್ಮನಾಗಲಿಲ್ಲ. ಲಾಭ ಎಷ್ಟು, ನಷ್ಟ ಎಷ್ಟು ಅಂತ ಲೆಕ್ಕ ಹಾಕಿಸಿ, 1981ರಲ್ಲಿ ಶಿರಸಿಯಲ್ಲಿ ತಜ್ಞರನ್ನು ಕೂರಿಸಿ ಚರ್ಚಿಸಿದರು. ಯೋಜನೆ ನಿಂತಿತು. ಸಿವಿಲ್ ಮತ್ತು ಎಲೆಕ್ಟ್ರಿಕಲ್‌ನವರು ಆ ಕಥೆಯನ್ನು ಬೇರೆಯಾಗಿಯೇ ಓದಬೇಕು.

ಬುಕಾನನ್ನನ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಓದಲು ಸಲೀಸಲ್ಲ. ಊರಿನ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದಿದ್ದಾನೆ. ಶಿರಸಿ ಸೆರ್ಸಿ ಆಗಿದೆ, ಸೋಂದೆ ಸೂಂಡ ಆಗಿದೆ. ಅದಕ್ಕೂ ಮೊದಲೇ, 1802ರಲ್ಲಿ, ಅವನು ನೇಪಾಳಕ್ಕೆ ಹೋಗಿದ್ದ. 1807ರಿಂದ 1814ರವರೆಗೆ ಬಂಗಾಳ, ಬಿಹಾರದ ಜಿಲ್ಲೆಗಳನ್ನು ಇದೇ ರೀತಿ ಸರ್ವೆ ಮಾಡಿದ. ಆ ಹೊತ್ತಿನಲ್ಲೇ ಗಂಗೆಯ ಮೀನುಗಳ ಹುಚ್ಚು ಹಿಡಿಯಿತು. 1822ರಲ್ಲಿ ಬಂದ ಅವನ ಮೀನಿನ ಪುಸ್ತಕದಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಗಳಿವೆ. ಊಟದ ತಟ್ಟೆಗೆ ಬರುವ ರೋಹು, ಕಾಟ್ಲಾಗಳಿಗೆ ವಿಜ್ಞಾನದ ಹೆಸರು ಕೊಟ್ಟವನು ಅವನೇ. ಬಯೋಟೆಕ್ ಗೆಳೆಯರ ಲ್ಯಾಬಿನ ಗಾಜಿನ ತೊಟ್ಟಿಯಲ್ಲಿ ಪಟ್ಟೆ ಪಟ್ಟೆಯಾಗಿ ಓಡಾಡುವ ಜೀಬ್ರಾ ಮೀನನ್ನೂ ಮೊದಲು ವರ್ಣಿಸಿದ್ದು ಅದೇ ಪುಸ್ತಕ.

1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥನಾದ, ಮರುವರ್ಷ ಊರಿಗೆ ಹೊರಟ. ಹೊರಡುವಾಗ ವರ್ಷಗಟ್ಟಲೆ ಕೂಡಿಸಿದ ಪ್ರಾಣಿ, ಮೀನುಗಳ ಚಿತ್ರಗಳನ್ನು ಗವರ್ನರ್ ಜನರಲ್ ಕಲ್ಕತ್ತೆಯಲ್ಲೇ ಉಳಿಸಿಕೊಂಡ. ಆ ನೋವು ಅವನಿಗೆ ಕೊನೆಯವರೆಗೂ ಹೋಗಲಿಲ್ಲ. ಅಣ್ಣಂದಿರ ನಂತರ ಆಸ್ತಿ ಅವನಿಗೇ ಬಂತು. ತಾಯಿಯ ಕಡೆಯ ಆಸ್ತಿಗಾಗಿ ಹ್ಯಾಮಿಲ್ಟನ್ ಅನ್ನುವ ಹೆಸರನ್ನೂ ಹಚ್ಚಿಕೊಂಡ. ಮೀನಿನ ಹೆಸರುಗಳ ಮುಂದೆ ಇವತ್ತು ಕಾಣುವುದು ಅದೇ ಹೆಸರು. 1829ರ ಜೂನ್ 15ರಂದು ತೀರಿಕೊಂಡ. ಸತ್ತು ಒಂಬತ್ತು ವರ್ಷದ ಮೇಲೆ, 1838ರಲ್ಲಿ, ಅವನ ಬಂಗಾಳ ಸರ್ವೆಯ ಬರಹಗಳನ್ನು ಮಾಂಟ್ಗೊಮರಿ ಮಾರ್ಟಿನ್ ಅನ್ನುವವನು ಮೂರು ಸಂಪುಟಗಳಲ್ಲಿ ಪ್ರಕಟಿಸಿದ. ಮುಖಪುಟದಲ್ಲಿ ಬುಕಾನನ್ ಹೆಸರು ಇರಲಿಲ್ಲ.

ಸೆಮಿಸ್ಟರ್ ರಜೆಯಲ್ಲಿ ಈ ದಾರಿ ಹಿಡಿಯುವವರು ಮೂರನೇ ಸಂಪುಟದಲ್ಲಿ ಯಲ್ಲಾಪುರದಿಂದ ಬನವಾಸಿವರೆಗಿನ ಭಾಗ ಓದಿಕೊಂಡು ಹೋಗಿ. ಸೋಂದೆಗೂ ಸಹಸ್ರಲಿಂಗಕ್ಕೂ ಶಿರಸಿ ಮುಟ್ಟುವ ಮೊದಲೇ ತಿರುಗಬೇಕು. ಮಳೆಗಾಲದಲ್ಲಿ ಶಾಲ್ಮಲೆ ತುಂಬಿ ಲಿಂಗಗಳು ಮುಳುಗಿರುತ್ತವೆ, ಆದ್ದರಿಂದ ಮಾಗಿ ಚಳಿಗೆ ಹೋಗುವುದು ಒಳ್ಳೆಯದು. ಬುಕಾನನ್ ಬಂದ ಮಾರ್ಚ್‌ನಲ್ಲೇ ಹೋಗುತ್ತೇವೆ ಅನ್ನುವವರು ನೀರಿನ ಬಾಟಲಿ ಎರಡು ಇಟ್ಟುಕೊಳ್ಳಿ.