ಬಾಗಿಲಲ್ಲಿ ನಿಂತ ಅಕ್ಕ





ಕಳೆದ ಭಾನುವಾರ ನಮ್ಮ ಅಧ್ಯಯನದಲ್ಲಿ ಒಬ್ಬ ಸಹೋದರಿ ಒಂದು ಪ್ರಶ್ನೆ ಕೇಳಿದರು. ಬೇಲೂರು ಕೈಗಾರಿಕಾ ಪ್ರದೇಶದ ಯಾವ ಶೆಡ್ಡಿಗೆ ಹೋದರೂ ಗೋಡೆಯ ಮೇಲೆ ದೇವಿಯ ಫೋಟೋ ಇದೆ, ದಿನಾ ಹೂವಿನ ಮಾಲೆ ಬೀಳುತ್ತದೆ. ಹುಣ್ಣಿಮೆ ಬಂದರೆ ಊರಿಗೆ ಊರೇ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಡುತ್ತದೆ. ಹೀಗೆ ಹೆಣ್ಣನ್ನು ಪೂಜಿಸುವ ನಮ್ಮಲ್ಲಿ ಧರ್ಮದ ಮಾತು ಆಡಲು ಮುಂದೆ ಕೂರುವವರು ಮಾತ್ರ ಯಾವಾಗಲೂ ಗಂಡಸರೇ ಏಕೆ ಎಂದು ಅವರು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಮುಂದೆ ಕೂತಿದ್ದ ನಾನೂ ಕೊಡಲಿಲ್ಲ.

ಇಂದಿನ ಚಿಂತನೆ ಆ ಪ್ರಶ್ನೆಗಾಗಿ. ಅದಕ್ಕಾಗಿ ನಮ್ಮ ನೆಲದ ಅಕ್ಕಮಹಾದೇವಿಯ ಬದುಕನ್ನು ನೆನೆಯೋಣ.

ಅಕ್ಕ 12ನೇ ಶತಮಾನದವಳು. ಹುಟ್ಟಿದ್ದು ಇಂದಿನ ಶಿಕಾರಿಪುರ ತಾಲೂಕಿನ ಉಡುತಡಿಯಲ್ಲಿ. ಅಲ್ಲಿಗೆ ಹತ್ತಿರವೇ ಬಳ್ಳಿಗಾವೆ. ಅಕ್ಕನಿಗಿಂತ ಸುಮಾರು ನೂರು ವರ್ಷ ಮೊದಲು, 1065ರಲ್ಲಿ, ಚಾಲುಕ್ಯರ ಅಧಿಕಾರಿ ರೂಪಭಟ್ಟಯ್ಯ ಅಲ್ಲಿ ಒಂದು ಬೌದ್ಧ ವಿಹಾರ ಕಟ್ಟಿಸಿದ. ಅಲ್ಲಿ ತಾರಾ ಭಗವತಿಗೆ ಪೂಜೆ ನಡೆಯುತ್ತಿತ್ತು. ನಾಗಿಯಕ್ಕ ಎಂಬ ಹೆಣ್ಣುಮಗಳು ತಾರೆಯ ವಿಗ್ರಹ ಮಾಡಿಸಿದ್ದಾಳೆ. ನಮ್ಮ ಗದಗ ಜಿಲ್ಲೆಯ ಡಂಬಳದಲ್ಲಿಯೂ 16 ಮಂದಿ ಸೆಟ್ಟಿಗಳು ವಿಹಾರ ಕಟ್ಟಿಸಿದ್ದರು. ಅಲ್ಲಿಯ 1095-96ರ ಶಾಸನ ತಾರೆಯನ್ನು ಸ್ತುತಿಸುತ್ತದೆ. ಕಾಡು, ಕಡಲು, ಕಳ್ಳರ ಭಯ ನೀಗಿಸುವ ತಾಯಿ ಎಂದು ವ್ಯಾಪಾರಿಗಳು ಅವಳನ್ನು ನಂಬಿದ್ದರು. ಹಾಗಾಗಿ ಈ ನಾಡಿನಲ್ಲಿ ಕಲ್ಲಿನ ದೇವಿಗೆ ಗೌರವ ಕಡಿಮೆ ಇರಲಿಲ್ಲ. ಜೀವಂತ ಹೆಣ್ಣಿಗೆ ಏನಾಯಿತು ಎಂಬುದನ್ನು ನೋಡೋಣ.

ಮಹಾದೇವಿ ಶಿವಭಕ್ತರ ಮಗಳು. ಎಳೆತನದಲ್ಲೇ ದೀಕ್ಷೆ ಪಡೆದು, ಚೆನ್ನಮಲ್ಲಿಕಾರ್ಜುನನೇ ತನ್ನ ಪತಿ ಎಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದಳು. ಊರಿನ ಅರಸ ಕೌಶಿಕ ಅವಳ ರೂಪಕ್ಕೆ ಮರುಳಾದ. ಅರಸ ಹೆಣ್ಣು ಕೇಳಿದಾಗ ತಂದೆತಾಯಿ ಹೆದರಿದರು. ಆಗ ಅವಳು ಮೂರು ಷರತ್ತು ಹಾಕಿದಳು ಎಂದು ಹರಿಹರನ ರಗಳೆ ಹೇಳುತ್ತದೆ. ಮನಸ್ಸು ಬಂದಷ್ಟು ಹೊತ್ತು ಪೂಜೆಯಲ್ಲಿರುವೆ, ಮನಸ್ಸು ಬಂದಷ್ಟು ಹೊತ್ತು ಶರಣರ ಗೋಷ್ಠಿಯಲ್ಲಿರುವೆ, ಮನಸ್ಸು ಬಂದಷ್ಟು ಹೊತ್ತು ಗುರುವಿನ ಸೇವೆಯಲ್ಲಿರುವೆ ಎಂಬುದು ಅವುಗಳ ಅರ್ಥ. ಕೌಶಿಕ ಒಪ್ಪಿದ, ಆಮೇಲೆ ಮೂರು ಬಾರಿ ತಪ್ಪಿದ. ಅವಳು ಅರಮನೆ ಬಿಟ್ಟಳು, ಒಡವೆ ಬಿಟ್ಟಳು, ಉಟ್ಟ ಬಟ್ಟೆಯನ್ನೂ ಬಿಟ್ಟಳು. ನೀಳ ಕೂದಲೇ ಅವಳ ಹೊದಿಕೆಯಾಯಿತು.

ಬಂಧುಗಳೇ, ಆ ಮೂರು ಷರತ್ತುಗಳನ್ನು ಮತ್ತೊಮ್ಮೆ ನೋಡಿ. ಅವಳು ಚಿನ್ನ ಕೇಳಲಿಲ್ಲ, ಪಟ್ಟ ಕೇಳಲಿಲ್ಲ. ಯಾವಾಗ ಧ್ಯಾನಕ್ಕೆ ಕೂರಬೇಕು, ಯಾರೊಡನೆ ಮಾತಾಡಬೇಕು ಎಂಬುದು ತನ್ನ ನಿರ್ಧಾರವಾಗಿರಲಿ ಎಂದಷ್ಟೇ ಕೇಳಿದಳು. ಸೀರೆ, ಒಡವೆ, ಆರತಿ ಎಲ್ಲವೂ ಸಿಗುವ ಅರಮನೆಯಲ್ಲಿ ಅದೊಂದು ಸಿಗಲಿಲ್ಲ.

ಅಲ್ಲಿಂದ ಅವಳು ಕಲ್ಯಾಣಕ್ಕೆ ನಡೆದಳು. ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಅವಳನ್ನು ತಡೆದು ಪರೀಕ್ಷಿಸಿದ ಪ್ರಸಂಗವನ್ನು 15ನೇ ಶತಮಾನದ ಶೂನ್ಯಸಂಪಾದನೆ ವಿವರವಾಗಿ ಹೇಳುತ್ತದೆ. ಅಲ್ಲಮ ಸಿದ್ಧರಾಮನನ್ನೂ ಪರೀಕ್ಷಿಸಿದ್ದ. ಆದರೆ ಸಿದ್ಧರಾಮನಿಗೆ ಕೇಳಿದ್ದು ಅವನು ಕಟ್ಟಿಸುತ್ತಿದ್ದ ಕೆರೆ, ಗುಡಿಗಳ ಬಗ್ಗೆ. ಅಕ್ಕನಿಗೆ ಕೇಳಿದ್ದು ಗಂಡ ಯಾರು, ಬಟ್ಟೆ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು. ಅವಳು ತಲೆ ತಗ್ಗಿಸಲಿಲ್ಲ. ಈ ಹೊದಿಕೆ ತನ್ನ ನಾಚಿಕೆಗಾಗಿ ಅಲ್ಲ, ನೋಡುವವರ ಮನಸ್ಸು ನೋಯದಿರಲಿ ಎಂದು ಎಂಬ ಅರ್ಥದ ಉತ್ತರ ಕೊಟ್ಟಳು. ಕೊನೆಗೆ ಸಭೆ ಒಪ್ಪಿತು. ವಯಸ್ಸಿನಲ್ಲಿ ಹಿರಿಯರಾದವರೂ ಅವಳನ್ನು ಅಕ್ಕ ಎಂದು ಕರೆದರು. ಆಮೇಲೆ ಅವಳು ಶ್ರೀಶೈಲಕ್ಕೆ ಹೋದಳು. ಕದಳಿಯ ವನದಲ್ಲಿ ಅವಳ ಬದುಕು ಕೊನೆಗೊಂಡಿತು ಎನ್ನುತ್ತಾರೆ. ನಮ್ಮ ಕಡೆ ಓಣಿ ಓಣಿಗಳಲ್ಲಿ ಇಂದಿಗೂ ಹೆಣ್ಣುಮಕ್ಕಳು ಅವಳ ಹೆಸರಿನಲ್ಲೇ ಅಕ್ಕನ ಬಳಗ ಕಟ್ಟಿಕೊಂಡು ಸೇರುತ್ತಾರೆ.

ಇದು ಬೇರೆಯವರ ಮನೆಯ ಕಥೆ ಎಂದು ನಾವು ಸುಮ್ಮನಿರುವಂತಿಲ್ಲ. ಬುದ್ಧರನ್ನು ಎದೆಹಾಲು ಕೊಟ್ಟು ಸಾಕಿದ ಮಹಾಪಜಾಪತಿ ಗೋತಮಿ ಸಂಘ ಸೇರಲು ಮೂರು ಬಾರಿ ಕೇಳಿದಳು, ಮೂರು ಬಾರಿಯೂ ಒಪ್ಪಿಗೆ ಸಿಗಲಿಲ್ಲ. ಅವಳು ತಲೆ ಬೋಳಿಸಿಕೊಂಡು ಕಪಿಲವಸ್ತುವಿನಿಂದ ವೈಶಾಲಿಗೆ ನಡೆದಳು. ಬಾತ ಕಾಲು, ಧೂಳು ಮೆತ್ತಿದ ಮೈ, ಕಣ್ಣೀರು. ಹೀಗೆ ಬಾಗಿಲ ಹೊರಗೆ ನಿಂತಳು. ಹೆಣ್ಣು ಅರಹಂತ ಪದ ಪಡೆಯಬಲ್ಲಳೇ ಎಂದು ಆನಂದ ಕೇಳಿದಾಗ ಬುದ್ಧರು ಪಡೆಯಬಲ್ಲಳು ಎಂದರು. ಬಾಗಿಲು ತೆರೆಯಿತು. ಆದರೆ ನೂರು ವರ್ಷದ ಭಿಕ್ಖುಣಿಯೂ ಅಂದೇ ದೀಕ್ಷೆ ಪಡೆದ ಭಿಕ್ಖುವಿಗೆ ವಂದಿಸಬೇಕು ಎಂಬ ನಿಯಮವನ್ನೂ ನಮ್ಮ ವಿನಯಪಿಟಕವೇ ಹೇಳುತ್ತದೆ. ಅದನ್ನು ಮುಚ್ಚಿಡಬಾರದು.

ಟಿಬೆಟ್ ಪರಂಪರೆಯಲ್ಲಿ ತಾರೆಯ ಕಥೆಯೂ ಇದೇ ಬಗೆಯದು. ಮುಂದಿನ ಜನ್ಮದಲ್ಲಿ ಗಂಡಾಗಿ ಹುಟ್ಟಲು ಪ್ರಾರ್ಥಿಸು ಎಂದು ಭಿಕ್ಷುಗಳು ಹೇಳಿದಾಗ, ಹೆಣ್ಣಿನ ರೂಪದಲ್ಲೇ ಲೋಕದ ಹಿತಕ್ಕೆ ದುಡಿಯುವೆ ಎಂದು ಆ ರಾಜಕುಮಾರಿ ಪಣ ತೊಟ್ಟಳಂತೆ. 2016ರ ಡಿಸೆಂಬರ್‌ನಲ್ಲಿ ನಮ್ಮ ಪಕ್ಕದ ಮುಂಡಗೋಡದಲ್ಲಿ 20 ಮಂದಿ ಭಿಕ್ಷುಣಿಯರು ಗೆಶೆಮಾ ಪದವಿ ಪಡೆದರು. ಶತಮಾನಗಳಿಂದ ಭಿಕ್ಷುಗಳಿಗಷ್ಟೇ ಸಿಗುತ್ತಿದ್ದ ಉನ್ನತ ಪದವಿ ಅದು.

ಸಹೋದರಿಯ ಪ್ರಶ್ನೆಗೆ ನನಗೆ ತೋಚಿದ ಉತ್ತರ ಇಷ್ಟು. ದೇವಿಗೆ ಕೈಮುಗಿಯುವುದು ಸುಲಭ, ಏಕೆಂದರೆ ವಿಗ್ರಹ ನಮ್ಮ ಜಾಗ ಕೇಳುವುದಿಲ್ಲ. ಯಲ್ಲಮ್ಮನಿಗೆ ಉಡಿ ತುಂಬಿದ ನಾಡಿನಲ್ಲೇ ಅವಳ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದರು. ಅದನ್ನು ನಿಲ್ಲಿಸಲು 1982ರಲ್ಲಿ ಕಾನೂನೇ ಬರಬೇಕಾಯಿತು. ಪೂಜೆಯೊಂದೇ ಹೆಣ್ಣನ್ನು ಕಾಪಾಡುವುದಿಲ್ಲ.

ಇಂದಿನ ಅಭ್ಯಾಸ: ಮನೆಯಲ್ಲಿ ತಾಯಿಗೋ, ಹೆಂಡತಿಗೋ, ಮಗಳಿಗೋ ಒಂದು ಮಾತು ಕೇಳಿ. ದಿನದಲ್ಲಿ ನಿನ್ನದೇ ಆದ ಹೊತ್ತು ಯಾವುದು? ಉತ್ತರ ಮುಗಿಯುವವರೆಗೆ ನಡುವೆ ಮಾತಾಡಬೇಡಿ.

ಬರುವ ಭಾನುವಾರ ಧಮ್ಮಪದದ ಪಾಠ ಆ ಸಹೋದರಿ ನಡೆಸಿಕೊಡಲಿ ಎಂದು ಕೇಳಿಕೊಂಡಿದ್ದೇವೆ, ಅವರು ಒಪ್ಪಿದ್ದಾರೆ. ಜಮಖಾನೆ ಹಾಸುವುದು, ಚಹಾ ಮಾಡುವುದು, ಕಪ್ಪು ತೊಳೆಯುವುದು ಗಂಡಸರ ಪಾಳಿ. ಮೊದಲನೆಯ ಹೆಸರು ನನ್ನದು.

ಎಲ್ಲ ಜೀವಿಗಳಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.