ಗೆದ್ದ ಅರಸನ ಅಳಲು

ಯುದ್ಧದಲ್ಲಿ ಸತ್ತವರ ಲೆಕ್ಕವನ್ನು ಲೋಕವು ಹೇಗೋ ಇಟ್ಟುಕೊಳ್ಳುತ್ತದೆ. ಕೊಂದವನ ಎದೆಯೊಳಗೆ ಏನಾಯಿತೆಂಬ ಲೆಕ್ಕ ಇಡುವವರು ವಿರಳ. ಆ ಲೆಕ್ಕವನ್ನು ತಾನೇ ಬಂಡೆಯ ಮೇಲೆ ಬರೆಸಿಟ್ಟ ಚಕ್ರವರ್ತಿಯೊಬ್ಬನು ಈ ದೇಶದಲ್ಲಿ ಆಗಿಹೋದನು. ಅವನೇ ಮೌರ್ಯ ವಂಶದ ಅಶೋಕ. ಬಸವಾದಿ ಪ್ರಮಥರಿಗಿಂತ ಸುಮಾರು 1400 ವರ್ಷ ಹಿಂದಿನವನು, ಬುದ್ಧನ ಮಾರ್ಗ ಹಿಡಿದವನು. ಶರಣರ ಅಂಕಣದಲ್ಲಿ ಅವನ ಕಥೆ ಏಕೆಂದು ಕೇಳುವವರು ಕೊಪ್ಪಳದ ಗವಿಮಠಕ್ಕೆ ಹೋಗಿ ನೋಡಬೇಕು. ಅವನು ಬರೆಸಿದ ಶಾಸನವೊಂದು ಅಲ್ಲಿಯ ಬೆಟ್ಟದ ಬಂಡೆಯ ಮೇಲೆಯೇ ಇದೆ.

ಅಶೋಕನು ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ. ತಾರುಣ್ಯದಲ್ಲಿ ಉಜ್ಜಯಿನಿಯ ಅಧಿಕಾರ ನೋಡಿಕೊಂಡಿದ್ದನು. ಸಿಂಹಾಸನಕ್ಕಾಗಿ 99 ಮಂದಿ ಸಹೋದರರನ್ನು ಕೊಂದನೆಂದು ಸಿಂಹಳದ ಗ್ರಂಥಗಳು ಹೇಳುತ್ತವೆ. ಆದರೆ ಅವನ ಶಾಸನದಲ್ಲಿ ಸಹೋದರರ ಅಂತಃಪುರಗಳ ಪ್ರಸ್ತಾಪ ಬರುವುದರಿಂದ ಆ ಮಾತನ್ನು ಪೂರ್ತಿ ನಂಬಲಾಗದು. ಕ್ರಿ.ಪೂ. 268ರ ಸುಮಾರಿಗೆ ಅವನಿಗೆ ಪಟ್ಟಾಭಿಷೇಕವಾಯಿತು. ಎಂಟು ವರ್ಷ ಕಳೆದ ಮೇಲೆ ಅವನು ಕಳಿಂಗದ ಮೇಲೆ, ಅಂದರೆ ಈಗಿನ ಒಡಿಶಾದ ಕರಾವಳಿ ನಾಡಿನ ಮೇಲೆ, ದಂಡೆತ್ತಿ ಹೋದನು.

ಆ ಯುದ್ಧದ ಫಲವನ್ನು ಅವನ ಹದಿಮೂರನೆಯ ಬಂಡೆಗಲ್ಲು ಶಾಸನ ತಿಳಿಸುತ್ತದೆ. ಸೆರೆ ಹಿಡಿದು ನಾಡಿನಿಂದ ಸಾಗಿಸಿದವರು 1,50,000 ಮಂದಿ, ಕಾಳಗದಲ್ಲಿ ಹತರಾದವರು 1,00,000 ಮಂದಿ, ಬೇರೆ ರೀತಿಯಲ್ಲಿ ಸತ್ತವರು ಅದರ ಎಷ್ಟೋ ಪಟ್ಟು. ಗೆದ್ದ ಅರಸರು ಇಂತಹ ಅಂಕಿಗಳನ್ನು ಬಿರುದಿಗೆ ಸೇರಿಸಿಕೊಳ್ಳುವುದುಂಟು. ಇವನಾದರೋ ದುಃಖದ ಜೊತೆಗೆ ಬರೆಸಿದನು. ಅವನ ಸಂಕಟ ಸತ್ತವರಲ್ಲಿಗೇ ನಿಲ್ಲಲಿಲ್ಲ. ತಂದೆತಾಯಿಗಳ ಸೇವೆ ಮಾಡುತ್ತ, ಹಿರಿಯರಿಗೆ ನಡೆದುಕೊಳ್ಳುತ್ತ, ಆಳುಕಾಳುಗಳನ್ನು ಆದರದಿಂದ ಕಾಣುತ್ತ ಬದುಕಿದ್ದ ಗೃಹಸ್ಥರೂ ಆ ನಾಡಿನಲ್ಲಿದ್ದರು. ಅವರಲ್ಲಿ ಕೆಲವರು ಗಾಯಗೊಂಡರು, ಕೆಲವರು ಸತ್ತರು, ಕೆಲವರು ತಮ್ಮವರನ್ನು ಅಗಲಿದರು. ಮೈಗೆ ಒಂದು ಗಾಯವೂ ಆಗದವರು ಕೂಡ ಗೆಳೆಯರ ಮತ್ತು ನೆಂಟರ ಕೇಡಿನಿಂದ ನೊಂದರು. ಆ ನೋವು ತನ್ನನ್ನು ಬಾಧಿಸುತ್ತಿದೆಯೆಂದು ಚಕ್ರವರ್ತಿಯು ಒಪ್ಪಿಕೊಂಡನು. ಅಂದು ಸತ್ತವರ ನೂರರಲ್ಲಿ ಒಂದು ಪಾಲು, ಸಾವಿರದಲ್ಲಿ ಒಂದು ಪಾಲು ಜನ ಈಗ ಸತ್ತರೂ ತನಗದು ಭಾರವೆಂದು ಬರೆಸಿದನು. ಮನೆಯ ಗಂಡಸು ಮಡಿದಾಗ ಕೇರಿಗೆ ಕೇರಿಯೇ ಕುಗ್ಗುವುದನ್ನು ಕಂಡ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅರಸನು ಹೀಗೆ ಬರೆಸಿದನು, ಸರಿ. ಅವನ ಆಜ್ಞೆಯಂತೆ ಕತ್ತಿ ಬೀಸಿದ ಕಾಲಾಳುಗಳ ಗತಿಯೇನು? ಅವರ ವಿಷಯದಲ್ಲಿ ಆ ಶಾಸನ ಮೌನವಾಗಿದೆ. ಅಶೋಕನ ಅಜ್ಜನ ಕಾಲದಲ್ಲಿ ಬಂದಿದ್ದ ಗ್ರೀಕರ ಮೆಗಸ್ತನೀಸನು ಮೌರ್ಯರ ಯೋಧರನ್ನು ಕುರಿತು ಬರೆದದ್ದುಂಟು. ಯುದ್ಧವಿಲ್ಲದ ದಿನಗಳಲ್ಲಿ ಅವರು ಅರಸನ ಖರ್ಚಿನಲ್ಲಿ ಉಂಡು, ಕುಡಿದು, ಸುಮ್ಮನೆ ಕಾಲ ಕಳೆಯುತ್ತಿದ್ದರಂತೆ. ಅವನು ಅವರನ್ನು ಸುಖಜೀವಿಗಳೆಂದು ತಿಳಿದನು. ಆ ಕುಡಿತದ ಒಳಗೆ ಸುಖವೊಂದೇ ಇತ್ತೆಂದು ನಮಗೆ ತೋರುವುದಿಲ್ಲ. ಸೈನ್ಯದಿಂದ ನಿವೃತ್ತರಾಗಿ ಊರಿಗೆ ಬಂದ ಹಿರಿಯರನ್ನು ನಾವು ಕಂಡಿದ್ದೇವೆ. ಹಿಮದ ವಿಚಾರ, ಊಟದ ವಿಚಾರ, ಜೊತೆಗಾರರ ವಿಚಾರ ಎಷ್ಟು ಹೊತ್ತಾದರೂ ಹೇಳುವರು. ನಿಮ್ಮ ಕೈಯಿಂದ ಯಾರಾದರೂ ಸತ್ತರೇ ಅಜ್ಜಾ ಎಂದು ಮೊಮ್ಮಗು ಕೇಳಿತೋ, ಮೆಲ್ಲನೆ ಎದ್ದು ಹೊಲದ ಕಡೆ ನಡೆಯುವರು.

ನಾಟಕ, ಸಿನಿಮಾಗಳಲ್ಲಿ ಅಶೋಕನು ರಣಭೂಮಿಯಲ್ಲಿಯೇ ಖಡ್ಗ ಬಿಸುಟು ಒಂದೇ ಗಳಿಗೆಯಲ್ಲಿ ಸಾಧುವಾಗಿಬಿಡುತ್ತಾನೆ. ಗವಿಮಠದ ಕಲ್ಲು ಬೇರೆಯೇ ಮಾತು ಹೇಳುತ್ತದೆ. ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಅದರಲ್ಲಿ ಒಂದು ವರ್ಷ ಹೆಚ್ಚಿನ ಪ್ರಯತ್ನ ಮಾಡಲಿಲ್ಲ, ಸಂಘವನ್ನು ಸೇರಿದ ಮೇಲೆ ವರ್ಷಕ್ಕೂ ಮಿಗಿಲಾಗಿ ಶ್ರಮಿಸಿದೆನೆಂಬುದು ಅದರ ಅರ್ಥ. ಪಂಡಿತರು ಬಹುಮಟ್ಟಿಗೆ ಈ ಲೆಕ್ಕವನ್ನು ಕಳಿಂಗದ ನಂತರದ ವರ್ಷಗಳಿಗೇ ಹೊಂದಿಸುತ್ತಾರೆ. ಅಷ್ಟು ದೊಡ್ಡ ಚಕ್ರವರ್ತಿಗೂ ಮನಸ್ಸು ಒಮ್ಮೆಲೇ ಮಾಗಲಿಲ್ಲ. ತನ್ನ ಆಲಸ್ಯದ ವರ್ಷವನ್ನೂ ಅವನು ಮುಚ್ಚಿಡದೆ ಕೆತ್ತಿಸಿದ್ದು ನಮಗೆ ಬಹಳ ಹಿಡಿಸಿತು.

ಬದಲಾವಣೆ ಅಡುಗೆಮನೆಯವರೆಗೂ ಬಂತು. ಮೊದಲು ಅರಮನೆಯ ಪಾಕಶಾಲೆಗೆ ದಿನವೂ ಲಕ್ಷಗಟ್ಟಲೆ ಪ್ರಾಣಿಗಳು ಬಲಿಯಾಗುತ್ತಿದ್ದವೆಂದು ಅವನೇ ಹೇಳಿಸಿದ್ದಾನೆ. ಅದು ಎರಡು ನವಿಲು, ಒಂದು ಜಿಂಕೆಗೆ ಇಳಿಯಿತು. ಮುಂದೆ ಅವನ್ನೂ ಕೊಲ್ಲಲಾಗದೆಂದು ಸಾರಿದನು. ಬೇಟೆಯ ಸವಾರಿ ನಿಂತು ಧರ್ಮಯಾತ್ರೆ ಆರಂಭವಾಯಿತು. ಮನುಷ್ಯರಿಗೂ ದನಕರುಗಳಿಗೂ ಚಿಕಿತ್ಸೆ, ದಾರಿಯಲ್ಲಿ ಬಾವಿ ಮತ್ತು ಮರ, ಇವೆಲ್ಲ ಶಾಲೆಯ ಮಕ್ಕಳಿಗೂ ಗೊತ್ತು.

ಹಾಗೆಂದು ಅವನು ಪೂರ್ಣ ಶುದ್ಧನಾದನೆನ್ನಲು ನಮಗೆ ಧೈರ್ಯ ಸಾಲದು. ಕಳಿಂಗವನ್ನು ಅವನು ಬಿಟ್ಟುಕೊಡಲಿಲ್ಲ. ಪಶ್ಚಾತ್ತಾಪ ಬರೆಸಿದ ಅದೇ ಶಾಸನದಲ್ಲಿ ಕಾಡಿನ ಜನರಿಗೆ ಎಚ್ಚರಿಕೆಯನ್ನೂ ಕೊಟ್ಟನು: ತನಗೆ ನೋವಿದ್ದರೂ ದಂಡಿಸುವ ಶಕ್ತಿ ಉಳಿದಿದೆ ಎಂದು. ಮರಣದಂಡನೆಯೂ ಮುಂದುವರಿಯಿತು. ಶಿಕ್ಷೆಗೆ ಗುರಿಯಾದವರಿಗೆ ಮೂರು ದಿನದ ಅವಕಾಶವನ್ನು ಮಾತ್ರ ಕೊಡಿಸಿದನು.

ಇನ್ನೊಂದು ಸಂಗತಿಯುಂಟು. ಆ ಹದಿಮೂರನೆಯ ಶಾಸನ ಗುಜರಾತಿನ ಗಿರಿನಾರದಲ್ಲಿದೆ, ಆಂಧ್ರದ ಎರ್ರಗುಡಿಯಲ್ಲಿದೆ. ಕಳಿಂಗದ್ದೇ ಆದ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆ ಅದು ಇಲ್ಲ. ಮಕ್ಕಳನ್ನು ಕಳೆದುಕೊಂಡ ಜನರ ಎದುರಿಗೆ ಸತ್ತವರ ಲೆಕ್ಕ ಓದಿಸಲು ಅರಸನಿಗೆ ಬಾಯಿ ಬರಲಿಲ್ಲವೇನೋ. ಅಲ್ಲಿ ಅವನು ಬೇರೆ ಶಾಸನಗಳನ್ನು ಹಾಕಿಸಿದನು. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ಅವು ಸಿಕ್ಕಿವೆ. ಎಲ್ಲ ಜನರೂ ತನ್ನ ಮಕ್ಕಳೆಂದು ತಿಳಿದು ನಡೆಯಬೇಕು, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು, ಪೀಡಿಸಬಾರದು ಎಂದು ಅಧಿಕಾರಿಗಳಿಗೆ ಕೊಟ್ಟ ಅಪ್ಪಣೆ ಅದು. ಪ್ರತಿ ಪುಷ್ಯ ನಕ್ಷತ್ರದ ದಿನ ಅದನ್ನು ಓದಿ ಕೇಳಿಸಬೇಕು, ನಡುವಿನ ದಿನಗಳಲ್ಲಿ ಕೇಳುವವನು ಒಬ್ಬನೇ ಇದ್ದರೂ ಓದಬೇಕು ಎಂದು ಕೊನೆಯಲ್ಲಿ ಕೆತ್ತಿಸಿದ್ದಾನೆ.