ಜ್ವರವನ್ನೇ ಮದ್ದು ಮಾಡಿದ ಡಾ. ವಿಲಿಯಂ ಕೋಲಿ

ಡಾ. ವಿಲಿಯಂ ಕೋಲಿ 1862ರ ಜನವರಿ 12ರಂದು ಅಮೆರಿಕದ ಕನೆಕ್ಟಿಕಟ್‌ನಲ್ಲಿ ಜನಿಸಿದರು. ಹಾರ್ವರ್ಡ್‌ನಲ್ಲಿ ವೈದ್ಯಕೀಯ ಕಲಿತು ನ್ಯೂಯಾರ್ಕ್‌ನಲ್ಲಿ ಶಸ್ತ್ರಚಿಕಿತ್ಸಕರಾದರು. 1890ರಲ್ಲಿ ಕೈಗೆ ಕ್ಯಾನ್ಸರ್ ಬಂದಿದ್ದ ಹದಿಹರೆಯದ ಹುಡುಗಿಯೊಬ್ಬಳು ಅವರ ಬಳಿ ಬಂದಳು. ಕೈ ಕತ್ತರಿಸಿ ತೆಗೆದರೂ ಆಕೆ ಕೆಲವೇ ತಿಂಗಳಲ್ಲಿ ತೀರಿಹೋದಳು. ಕೋಲಿ ಸುಮ್ಮನೆ ಕೂರಲಿಲ್ಲ. ಆಸ್ಪತ್ರೆಯ ಹಳೆಯ ದಾಖಲೆಗಳನ್ನೆಲ್ಲ ತಿರುವಿ ಹಾಕಿದರು.

ಅಲ್ಲೊಂದು ಅಚ್ಚರಿ ಕಾದಿತ್ತು. ಕುತ್ತಿಗೆಯ ಗಡ್ಡೆ ಮತ್ತೆ ಮತ್ತೆ ಬೆಳೆಯುತ್ತಿದ್ದ ಬಡ ವಲಸಿಗನೊಬ್ಬನಿಗೆ ಎರಿಸಿಪೆಲಸ್ ಎಂಬ ಚರ್ಮದ ಸೋಂಕು ತಗಲಿ, ಜೋರು ಜ್ವರ ಬಂದು, ಗಡ್ಡೆಯೇ ಕರಗಿತ್ತು. ಏಳು ವರ್ಷಗಳ ಬಳಿಕ ಕೋಲಿ ಆತನನ್ನು ಮನೆ ಮನೆ ಅಲೆದು ಹುಡುಕಿದರು. ಆತ ಆರೋಗ್ಯವಾಗಿಯೇ ಇದ್ದ!

ಕೋಲಿ ಮೊದಲು ಜೀವಂತ ಬ್ಯಾಕ್ಟೀರಿಯಾ ಚುಚ್ಚಿ ನೋಡಿದರು. ಅದು ಜೀವಕ್ಕೇ ಅಪಾಯ. ಹಾಗಾಗಿ ಎರಡು ಬಗೆಯ ಬ್ಯಾಕ್ಟೀರಿಯಾಗಳನ್ನು ಸಾಯಿಸಿ ಮದ್ದು ತಯಾರಿಸಿದರು. 1893ರಲ್ಲಿ ಅದನ್ನು ಪಡೆದ 16ರ ಹರೆಯದ ಹುಡುಗನ ಹೊಟ್ಟೆಯ ದೊಡ್ಡ ಗಡ್ಡೆ ಕರಗಿತು. ಆತ ಮತ್ತೆ 26 ವರ್ಷ ಬದುಕಿದ.

ಆದರೆ ಎಲ್ಲರಿಗೂ ಗುಣವಾಗಲಿಲ್ಲ. ಮದ್ದು ಹೇಗೆ ಕೆಲಸ ಮಾಡುತ್ತದೆ ಎಂದು ಕೋಲಿಗೂ ಹೇಳಲಾಗಲಿಲ್ಲ. ಅಷ್ಟರಲ್ಲಿ ವಿಕಿರಣ ಚಿಕಿತ್ಸೆ ಬಂತು. ಅವರದೇ ಆಸ್ಪತ್ರೆಯ ಹಿರಿಯ ವೈದ್ಯ ಜೇಮ್ಸ್ ಯೂಯಿಂಗ್ ಈ ಮದ್ದನ್ನು ಒಪ್ಪಲಿಲ್ಲ. 1936ರ ಏಪ್ರಿಲ್ 16ರಂದು ಕೋಲಿ ನಿಧನರಾದಾಗ ಅವರ ವಿಧಾನ ಮೂಲೆ ಸೇರುತ್ತಿತ್ತು.

ಉತ್ತರ ಸಿಕ್ಕಿದ್ದು ಇಲಿಗಳಲ್ಲಿ. ಕೋಲಿ ಬಳಸಿದ್ದ ಒಂದು ಬ್ಯಾಕ್ಟೀರಿಯಾದಿಂದ ಮರ್ರೆ ಶಿಯರ್ 1943ರಲ್ಲಿ ಪ್ರತ್ಯೇಕಿಸಿದ ವಸ್ತು, ಇಲಿಗಳ ಗಡ್ಡೆಯೊಳಗೆ ರಕ್ತಸ್ರಾವವಾಗಿ ಗಡ್ಡೆ ಸಾಯುವಂತೆ ಮಾಡಿತು. 1959ರಲ್ಲಿ ಲಾಯ್ಡ್ ಓಲ್ಡ್ ಮತ್ತು ಸಂಗಡಿಗರು, ಕ್ಷಯದ ಬಿಸಿಜಿ ಪಡೆದ ಇಲಿಗಳು ಗಡ್ಡೆಯನ್ನು ಹೆಚ್ಚು ಎದುರಿಸುತ್ತವೆ ಎಂದು ತೋರಿಸಿದರು. ಗಡ್ಡೆಯನ್ನು ಕೊಲ್ಲುತ್ತಿದ್ದದ್ದು ಬ್ಯಾಕ್ಟೀರಿಯಾ ಅಲ್ಲ, ಅದರಿಂದ ಎಚ್ಚೆತ್ತ ದೇಹದ ರೋಗನಿರೋಧಕ ಶಕ್ತಿ.

ಹಾಗೆಂದು ಎಲ್ಲ ಉರಿಯೂತವೂ ಒಳ್ಳೆಯದಲ್ಲ. ವರ್ಷಗಟ್ಟಲೆ ಉಳಿಯುವ ಉರಿಯೂತ ಗಡ್ಡೆಗೆ ನೀರೆರೆಯುತ್ತದೆ. ಕರುಳಿನಲ್ಲಿ ಗಡ್ಡೆ ಬೆಳೆಯುವ ತಳಿಯ ಇಲಿಗಳಿಗೆ ಸುಲಿಂಡಾಕ್ ಎಂಬ ಉರಿಯೂತದ ಮದ್ದು ಕೊಟ್ಟಾಗ ಗಡ್ಡೆಗಳು ಕಡಿಮೆಯಾದವು. ಎಬ್ಬಿಸುವುದೂ ತಣಿಸುವುದೂ ಹೊತ್ತು ನೋಡಿ ಆಗಬೇಕು.

ಕೋಲಿಯ ಮಗಳು ಹೆಲೆನ್ ತಂದೆಯ ರೋಗಿಗಳ ದಾಖಲೆ ಒಟ್ಟುಗೂಡಿಸಿ, 1953ರಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಟ್ಟಲು ಮುಂದಾದರು. ಇಂದು ಮೂತ್ರಕೋಶದ ಕ್ಯಾನ್ಸರ್‌ಗೆ ವೈದ್ಯರು ಬಿಸಿಜಿ ಬಳಸುತ್ತಾರೆ. ಧೂಳು ಹಿಡಿದ ಒಂದು ದಾಖಲೆಯನ್ನು ತೆರೆದು ಓದಿದ ವೈದ್ಯ ಹಿಡಿದ ದಾರಿ ಅದು.